ಮಾವನ ಪಾಲಿನ ಹಂದಿ

೧ ಡಿಸೆಂಬರ್ ೧೯೫೭, ತೊಗರ್ಸಿ

ತಂಗಿ ಗುತ್ಯಮ್ಮನ ಮದುವೆ ಗೊತ್ತಾಯಿತು. ಗಂಡು ಉಳವಿಯ ಜಟ್ಟಪ್ಪ. ಗದ್ದೆಯಿದೆ, ಮಾತು ಕಡಿಮೆ, ಮೀಸೆ ಇನ್ನೂ ಪೂರ್ತಿ ಬಂದಿಲ್ಲ. ಫಾಲ್ಗುಣದಲ್ಲಿ ಲಗ್ನ.

ಬೀಗರು ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕುತ್ತಿರುವಾಗ ಹಿತ್ತಲಿನ ಹಂದಿ ಗುತ್ತಿಯನ್ನು ಹುಡುಕಿಕೊಂಡು ಮುಂಬಾಗಿಲಿಗೇ ಬಂತು. ಅದರ ನಡಿಗೆ ಊರ ಪಟೇಲರ ಹಾಗಿದೆಯೆಂದು ಅವಳು ಅದಕ್ಕೆ ದೊಡ್ಡಯ್ಯ ಎಂದು ಹೆಸರಿಟ್ಟಿದ್ದಾಳೆ. ನನಗೆ ಮುಖ ಎಲ್ಲಿ ಇಟ್ಟುಕೊಳ್ಳಲಿ ಎನ್ನಿಸಿತು. ಬೀಗರು ಮಾತ್ರ ಅದರ ಬೆನ್ನು ತಟ್ಟಿ, "ಮಾವನ ಪಾಲು ಭರ್ತಿಯಾಗೈತೆ ಬಿಡ್ರಿ" ಎಂದು ನಕ್ಕರು. ಅವರು ನಮ್ಮವರು, ನಗುತ್ತಾರೆ. ನನ್ನ ಆಫೀಸಿನವರು ನಗುವ ಬಗೆಯೇ ಬೇರೆ.

ಬರೆದರೆ ಎಷ್ಟು ವಿಚಿತ್ರವಾಗಿ ಕಾಣುತ್ತದೋ ನೋಡೋಣವೆಂದು ಬರೆಯುತ್ತೇನೆ. ನಮ್ಮಲ್ಲಿ ಹೆಣ್ಣಿನ ಮೇಲೆ ಮೊದಲ ಹಕ್ಕು ಸೋದರಮಾವನದು. ಬೇರೆ ಮನೆಗೆ ಕೊಡಬೇಕಾದರೆ ಅವನು ಬಿಟ್ಟುಕೊಡಬೇಕು. ಅದಕ್ಕೆ ಹುಡುಗಿ ಮರಿಯಿಂದ ಕೈಯಾರೆ ಸಾಕಿದ ಹಂದಿಯನ್ನು ಕಡಿದು, ಅದರ ಹಿಂದಿನ ತೊಡೆಯನ್ನು ಅವಳ ಅಣ್ಣ ಹೊದಿಕೆಯಿಲ್ಲದೆ ತಲೆಯ ಮೇಲೆ ಹೊತ್ತು, ನಡೆದೇ ಹೋಗಿ ಮಾವನ ಅಂಗಳದಲ್ಲಿ ನಿಲ್ಲಬೇಕು. "ಯಾರು ಸಾಕಿದ್ದು?" ಎಂದು ಮಾವ ಕೇಳುತ್ತಾನೆ. ಉತ್ತರ ಕೇಳಿ "ತಗಂಡೆ" ಎಂದರೆ ಹೆಣ್ಣು ಬಿಟ್ಟುಕೊಟ್ಟಂತೆ. ಅಲ್ಲಿಯವರೆಗೆ ನಮ್ಮ ಜನ ಚಪ್ಪರದ ಕಂಬ ನೆಡುವುದಿಲ್ಲ.

ಆ ಅಣ್ಣ ನಾನು. ಎಸ್ಸೆಸ್ಸೆಲ್ಸಿ ಪಾಸಾದವನು, ಶಿಕಾರಿಪುರದ ಪಶುವೈದ್ಯ ಇಲಾಖೆಯಲ್ಲಿ ಸರ್ಕಾರಿ ಗುಮಾಸ್ತ.

೯ ಡಿಸೆಂಬರ್, ಶಿಕಾರಿಪುರ

ಬೆಂಗಳೂರಿನಿಂದ ಒಂದು ಸುತ್ತೋಲೆ ಬಂದಿದೆ. ಸೀಮೆ ಹಂದಿ ಸಾಕಲು ಮುಂದೆ ಬರುವ ರೈತರ ಹೆಸರು ಕಳಿಸಬೇಕಂತೆ. ಹೆಡ್ ಗುಮಾಸ್ತ ನಾಗರಾಜಪ್ಪನವರು ಕನ್ನಡಕ ಏರಿಸಿ ಎಲ್ಲರಿಗೂ ಕೇಳುವಂತೆ ಓದಿದರು. "ಅಲ್ರೀ, ಇದನ್ನ ಸಾಕೋರ ಮನೇಲಿ ನೀರಾದ್ರೂ ಕುಡಿಯಾಕೆ ಆಗ್ತದೇನ್ರೀ?" ಎಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಆಮೇಲೆ ಅವರೇ ನನ್ನ ಕಡೆ ತಿರುಗಿ, "ರಾಜಪ್ಪ, ನಿಮ್ಮ ಮನೇಲಿ ಸಾಕೋದು ಕುರಿ ಅಲ್ಲೇನ್ರೀ?" ಎಂದು ಕೇಳಿದರು. ಹೌದು ಸಾರ್, ಕುರಿ ಎಂದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಾಯಿಗೆ ಬಂದ ಮಾತು ಅದು. ಈಗ ಮಂದೆಯೇ ಆಗಿ ಬೆಳೆದಿದೆ. "ಹಂಗಾದ್ರೆ ತಂಗಿ ಮದುವೆಗೆ ನಾವೆಲ್ಲ ಬರ್ತೀವಿ ತಗೊಳ್ರಿ, ನಿಮ್ಮ ಕುರಿ ಮಂದೆ ನೋಡಿದಂಗೂ ಆತು" ಎಂದರು. ಬನ್ನಿ ಸಾರ್ ಎಂದೆ. ಬೇರೆ ಏನು ಹೇಳಲಿ?

ಮಧ್ಯಾಹ್ನ ಯಮುನಮ್ಮನವರ ಖಾನಾವಳಿಯಲ್ಲಿ ಊಟ ಮಾಡುತ್ತ, ಮದುವೆಗೆ ಮುಂಚೆ ಹಂದಿಗಳನ್ನು ಹೇಗೆ ಸಾಗಹಾಕಲಿ ಎಂದು ಲೆಕ್ಕ ಹಾಕಿದೆ.

೧೨ ಜನವರಿ ೧೯೫೮, ತೊಗರ್ಸಿ

ಅವ್ವ, ಗುತ್ತಿ ಇಬ್ಬರೂ ಮದುವೆಗೆ ಮುಂಚೆ ಅಮ್ಮನಿಗೆ ಹಣ್ಣುಕಾಯಿ ಮಾಡಿಸಲು ಚಂದ್ರಗುತ್ತಿಗೆ ಹೋಗಿದ್ದಾರೆ. ಹಂದಿ ವ್ಯಾಪಾರದವನಿಗೆ ಮೊದಲೇ ಹೇಳಿಟ್ಟಿದ್ದೆ. ಗಾಡಿ ತಂದ. ಹೆಣ್ಣು ಹಂದಿ, ಮರಿಗಳು, ದೊಡ್ಡಯ್ಯ, ಎಲ್ಲವನ್ನೂ ಕೊಟ್ಟೆ. ಗೂಡಿಗೆ ಸುಣ್ಣ ಹೊಡೆದೆ.

ಮಾವನಿಗೆ ಕುರಿಯ ತೊಡೆ ಕೊಟ್ಟರಾಯಿತು. ಮಾಂಸ ಮಾಂಸವೇ. ಕಾಲ ಬದಲಾಗಿದೆ, ಯಾರಾದರೂ ಒಬ್ಬರು ಶುರು ಮಾಡಬೇಕು.

೧೪ ಜನವರಿ

ಗುತ್ತಿ ಅಳುತ್ತಾಳೆ, ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವಳು ಸುಣ್ಣ ಬಳಿದ ಗೂಡಿನ ತನಕ ಹೋದಳು. ಕಲಗಚ್ಚಿನ ಬಾನಿಯನ್ನು ಬೋರಲು ಹಾಕಿ ಒಳಗೆ ಹೋದಳು.

"ಎಷ್ಟಾದರೂ ಕಡಿಯುವ ಪ್ರಾಣಿ, ಅದಕ್ಕೇಕೆ ಇಷ್ಟು?" ಎಂದು ಅವ್ವನನ್ನು ಕೇಳಿದೆ. ಅವ್ವ ಒಲೆಯ ಕಡೆಯಿಂದ ಮುಖ ತಿರುಗಿಸಲಿಲ್ಲ.

"ಅದು ಸಾಯಾಕೇ ಬೆಳೆದಿದ್ದು ಅಂತ ಅವಳಿಗೆ ಗೊತ್ತಿಲ್ವೇನೋ? ಕಡಿಯೋ ದಿನ ಸಾಕಿದೋರ ಕೈಲೇ ಅದಕ್ಕೆ ಕೊನೇ ತುತ್ತು. ನೀನು ಆ ತುತ್ತನ್ನೇ ಮಾರ್ಕಂಡು ಬಂದೆ."

ನನಗೂ ಸಿಟ್ಟು ಬಂತು. ಈ ಮನೆಯ ಮಾನ ಉಳಿಸಲು ಹೋದವನು ನಾನೊಬ್ಬನೇ, ಬೈಸಿಕೊಳ್ಳುವವನೂ ನಾನೇ.

೯ ಫೆಬ್ರವರಿ

ಹೇಗೆ ಬರೆಯಲಿ?

ಕುರಿ ಸಾಕುವ ದೊಡ್ಡಬೀರಪ್ಪನ ಹಟ್ಟಿಯಲ್ಲಿ ಒಳ್ಳೆಯ ಟಗರು ಹಿಡಿದು ಕಡಿಸಿ, ತೊಡೆಯನ್ನು ಹೊಸ ಪಂಚೆಯಲ್ಲಿ ಸುತ್ತಿ, ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕುಬಟೂರಿಗೆ ಹೋದೆ. ಹನುಮಂತಪ್ಪ ಮಾವನ ಜಗಲಿ ತುಂಬ ನಮ್ಮ ಜನ. ಮಾವ ಹೊಸ ಪೇಟ ಸುತ್ತಿಕೊಂಡು ಕಾಯುತ್ತಿದ್ದ. ನನ್ನ ತಲೆ ನೋಡಿದ. ತಲೆಯ ಮೇಲೆ ಏನೂ ಇರಲಿಲ್ಲ. ಚೀಲ ನೋಡಿದ.

"ಬಿಚ್ಚು" ಎಂದ. ಬಿಚ್ಚಿದೆ. ಯಾರೋ ಕೆಮ್ಮಿದರು.

"ಯಾರು ಸಾಕಿದ್ದು?"

ಎಷ್ಟೋ ಮಾತು ಯೋಚಿಸಿಕೊಂಡು ಹೋಗಿದ್ದೆ. "ದೊಡ್ಡಬೀರಪ್ಪ" ಎಂದೆ.

"ಹಂಗಾರೆ ದೊಡ್ಡಬೀರಪ್ಪನ ತಂಗೀನ ಬಿಟ್ಟುಕೊಟ್ಟೆ ಅಂತ ಹೇಳ್ಲೇನಪ್ಪ?"

ಜಗಲಿಗೆ ಜಗಲಿಯೇ ನಕ್ಕಿತು. ಮಾವ ನಗಲಿಲ್ಲ. "ಆ ಕೂಸು ಹುಟ್ಟಿದಾಗ ಮೊದ್ಲು ಎತ್ಕಂಡೋನು ನಾನು. ನಂಗೆ ಮಾಂಸದ ಆಸೆ ಅಂದ್ಕಂಡ್ಯಾ? ಅವಳು ಒಂದು ವರ್ಷ ದಿನಾ ಬೆಳಿಗ್ಗೆ ಎದ್ದು 'ಇದು ನಮ್ಮ ಮಾವಂಗೆ' ಅಂತ ಒಂದು ಜೀವಕ್ಕೆ ಉಣ್ಣಾಕ್ತಾಳಲ್ಲ, ಅದು ಕಣೋ ನನ್ನ ಪಾಲು. ಇದನ್ನ ತಗಂಡು ಹೋಗು" ಎಂದ. ಅತ್ತೆ ನೀರು ಕೂಡ ಕೊಡಲಿಲ್ಲ.

ಹಿಂದಿರುಗುವಾಗ ಆ ಚೀಲ ಬಸ್ಸಿನಲ್ಲಿ ನನ್ನ ತೊಡೆಯ ಮೇಲಿತ್ತು. ಹಂದಿಯದೇ ಆಗಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

೨೩ ಫೆಬ್ರವರಿ

ಉಳವಿಯಿಂದ ಮಾತು ಬಂತು. ಹುಡುಗಿ ಮನಸ್ಸಿಗೆ ಬಂದಿದ್ದಾಳೆ, ಬರುವ ವರ್ಷದ ಫಾಲ್ಗುಣದವರೆಗೆ ಕಾಯುತ್ತೇವೆ. ಆಗಲೂ ಸೋದರಮಾವ ಬಿಡದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತೇವೆ. ಅವರು ಒಂದು ಕಟು ಮಾತನ್ನೂ ಆಡಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಒಂದು ಮರಿ ತಂದು ಗುತ್ತಿಗೆ ಕೊಟ್ಟರಾಯಿತು ಎಂದೆ. ಗುತ್ತಿ ನನಗಲ್ಲ, ಅವ್ವನಿಗೆ ಹೇಳಿದಳು: "ನಾ ಇನ್ನೊಂದನ್ನ ಮುಟ್ಟಂಗಿಲ್ಲ. ಮದುವಿ ಇಲ್ದಿದ್ರೂ ಅಡ್ಡಿಯಿಲ್ಲ." ಅವ್ವ ನನ್ನನ್ನೇ ನೋಡಿದಳು. "ಮಾರ್ದೋನು ನೀನು. ತಂದು ಸಾಕೋನೂ ನೀನೇ" ಎಂದಳು.

ಕೇರಿಯ ಕೆಂಪಪ್ಪನ ಮನೆಯಿಂದ ಮರಿ ತಂದೆ. ಅಲ್ಲಿಂದ ಮನೆಯವರೆಗೆ ಕಂಕುಳಲ್ಲಿ ಅರಚಿಕೊಂಡೇ ಬಂತು. ಇಡೀ ಊರು ಬಾಗಿಲಿಗೆ ಬಂದು ನೋಡಿತು. ಅಂಗಿ ಹಾಳಾಯಿತು. ಸೋಪು ಹಚ್ಚಿ ಎಷ್ಟು ತೊಳೆದುಕೊಂಡರೂ ಸಮಾಧಾನವಿಲ್ಲ.

೧೦ ಮಾರ್ಚ್

ಶಿಕಾರಿಪುರದ ಕೋಣೆ ಬಿಟ್ಟೆ. ಬೆಳಿಗ್ಗೆ ಮೊದಲ ಬಸ್ಸು, ಸಂಜೆ ಕೊನೆಯ ಬಸ್ಸು. ತೌಡು, ನುಚ್ಚು ಸಾಲದು. ಯಮುನಮ್ಮನವರ ಖಾನಾವಳಿಯ ಕಲಗಚ್ಚನ್ನು ಸೀಮೆಎಣ್ಣೆ ಡಬ್ಬಿಯಲ್ಲಿ ತುಂಬಿಕೊಂಡು ಬರುತ್ತಿದ್ದೇನೆ. ಇವತ್ತು ಅವರು ಕೇಳಿಯೇಬಿಟ್ಟರು.

"ಅಲ್ಲೋ ರಾಜಪ್ಪ, ಕುರಿ ಹುಳಿಸೊಪ್ಪು, ಉಪ್ಪಿನಕಾಯಿ ಎಲ್ಲಾ ತಿಂತಾವೇನೋ?"

"ನಮ್ಮ ಕಡೆ ಕುರಿ ತಿಂತಾವ್ರೀ" ಎಂದೆ. ಅವರು ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದರು.

ಬಸ್ಸಿನಲ್ಲಿ ಡಬ್ಬಿ ತುಳುಕಿ ಯಾರದೋ ಪಂಚೆಯ ಮೇಲೆ ಬಿತ್ತು. ಕಂಡಕ್ಟರ್ ನನ್ನನ್ನು ಹಿಂದಿನ ಸೀಟಿಗೆ ಕಳಿಸಿದ. ಸರ್ಕಾರಿ ನೌಕರ!

ಮರಿಗೆ ಮಾತ್ರ ಉಪ್ಪಿನಕಾಯಿ ಎಂದರೆ ಪ್ರಾಣ.

೨ ಮೇ

ಬಿಸಿಲು. ಗೂಡಿನ ಮೇಲೆ ಸೋಗೆ ಹೊದಿಸಿ, ಕೆಸರು ಮಾಡಲು ನಾಲ್ಕು ಕೊಡ ನೀರು ಹಾಕಿದೆ. ಎದುರಿಗೇ ಹೊರಳಿ ನನ್ನ ಮೇಲೆಲ್ಲ ಸಿಡಿಸಿತು. ಬುದ್ಧಿಯಿಲ್ಲದ್ದು.

ಗುತ್ತಿ ನನಗೆ ಊಟ ಬಡಿಸುತ್ತಾಳೆ. ಮಾತಿಲ್ಲ.

೧೭ ಜುಲೈ

ನಿನ್ನೆಯಿಂದ ಬಾನಿಗೆ ಬಾಯಿ ಹಾಕಿಲ್ಲ. ಭೇದಿ. ಕಿವಿ ಬಿಸಿ. ಮೂಲೆಯಲ್ಲಿ ಮುಖ ಗೋಡೆಗೆ ಮಾಡಿ ಮಲಗಿದೆ. ಇದು ಹೋದರೆ ಇನ್ನೊಂದು ಬೆಳೆಯಲು ಸಮಯವಿಲ್ಲ, ಉಳವಿಯವರು ಕಾಯುವುದಿಲ್ಲ. ಗುತ್ತಿಯ ಬಾಳು ಆ ಮೂಲೆಯಲ್ಲಿ ಮಲಗಿದೆ ಎನ್ನಿಸಿತು.

ಆಫೀಸಿಗೆ ಹೋದವನೇ ಪಶುವೈದ್ಯರ ಕೋಣೆಗೆ ನುಗ್ಗಿ, ಸಾರ್ ನಮ್ಮ ಹಂದಿಗೆ ಭೇದಿ, ಔಷಧಿ ಕೊಡಿ ಎಂದೆ. ಪುಡಿ ಕಟ್ಟಿಕೊಟ್ಟರು, ಗಂಜಿಯಲ್ಲಿ ಕಲಸಿ ಕುಡಿಸಿ ಎಂದರು. ನಾಗರಾಜಪ್ಪನವರು ಅಲ್ಲೇ ಕಾಫಿ ಕುಡಿಯುತ್ತ ಕೂತಿದ್ದರು. ಅರ್ಧ ದಿನ ರಜೆ ಬೇಕು ಎಂದೆ. ಏನೂ ಕೇಳದೆ ಸಹಿ ಹಾಕಿದರು.

ಗಂಜಿ ಕುಡಿಸುವಾಗ ಬೆರಳು ಕಚ್ಚಿತು. ಕಚ್ಚುವ ಶಕ್ತಿ ಬಂತಲ್ಲ, ಸಾಕು.

೧೯ ಜುಲೈ

ಎದ್ದಿದೆ. ತಿಂದಿತು.

೧೬ ನವೆಂಬರ್

ದೀಪಾವಳಿಯ ಗಲಾಟೆಯಲ್ಲಿ ಬರೆಯಲು ಆಗಿರಲಿಲ್ಲ. ಯಮುನಮ್ಮನವರು ಹಬ್ಬದ ಹೋಳಿಗೆ ಹಳಸಿದ್ದನ್ನು ಹಂದಿಗೆಂದು ಬೇರೆ ಕಟ್ಟಿಟ್ಟಿದ್ದರು. ಡಬ್ಬಿ ಇಡಲು ಕಂಡಕ್ಟರ್ ಏಣಿಯ ಪಕ್ಕ ಜಾಗ ಮಾಡಿದ್ದಾನೆ, ಈಗ ತುಳುಕುವುದಿಲ್ಲ.

ಆಫೀಸಿನಲ್ಲಿ ಆ ಸೀಮೆ ಹಂದಿಯ ಕಾಗದ ಮತ್ತೆ ಬಂತು. ಕರಡು ಉತ್ತರ ಬರೆಯಲು ನನಗೇ ಕೊಟ್ಟರು. ಗೂಡಿನ ನೆಲ ಇಳಿಜಾರಿರಬೇಕು, ಮಳೆಗಾಲದಲ್ಲಿ ಗಂಜಿ ಬಿಸಿಯಿರಬೇಕು ಎಂದೆಲ್ಲ ಬರೆದೆ. ಉದ್ದವಾಯಿತು ಎಂದು ನಾಗರಾಜಪ್ಪನವರು ಅರ್ಧ ಹೊಡೆದುಹಾಕಿದರು. ಅದಕ್ಕೆ ಬೇಜಾರಾಯಿತು.

ಹೆಸರಿಡಲಿಲ್ಲ ಏಕೆ ಎಂದು ಅವ್ವ ಕೇಳಿದಳು. ಇಟ್ಟರೆ ಕಷ್ಟ ಎಂದೆ. ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದ ಗುತ್ತಿ ಕೈ ನಿಲ್ಲಿಸಿ ನನ್ನನ್ನು ನೋಡಿದಳು. ಮತ್ತೆ ಒಗೆಯತೊಡಗಿದಳು.

೧೫ ಫೆಬ್ರವರಿ ೧೯೫೯

ಕಡಿಯುವುದು ಬರುವ ಶನಿವಾರವಲ್ಲ, ಅದರಾಚೆಯ ಶನಿವಾರ ಎಂದು ಕೆಂಪಪ್ಪ ಹೇಳಿಹೋದ. ಗೂಡಿನ ಹತ್ತಿರ ನಿಂತು ಕೈ ಅಗಲಿಸಿ ಅಳತೆ ನೋಡಿ, "ಚಲೋ ಬೆಳೆಸೀಯ" ಎಂದ. ಅವನು ಹೋದ ಮೇಲೆ ಅವನ ಮೇಲೆ ಕಾರಣವಿಲ್ಲದೆ ಸಿಟ್ಟು ಬಂತು.

೨೮ ಫೆಬ್ರವರಿ

ಬೆಳಿಗ್ಗೆ ರಾಗಿಮುದ್ದೆಗೆ ಬೆಲ್ಲ ಸೇರಿಸಿ ತುತ್ತು ಮಾಡಿಕೊಂಡು ಹೋದೆ. ನನ್ನನ್ನು ಕಂಡ ಕೂಡಲೇ ಎದ್ದು ಬಂತು. ಕೊನೆಯ ತುತ್ತು ಕೊಡುವಾಗ "ಹೋಗಿ ಬಾ" ಎನ್ನಬೇಕು. ಎಂದೆ. ಅದು ಅಂಗೈ ನೆಕ್ಕಿ ಇನ್ನೂ ಇದೆಯೇ ಎಂದು ಬೆರಳ ಸಂದಿಯಲ್ಲಿ ಹುಡುಕಿತು.

ಸಾಕಿದವರು ಆಮೇಲೆ ಒಳಗೆ ಹೋಗಬೇಕು, ನೋಡಬಾರದು. ನಾನು ಅಡುಗೆಮನೆಯಲ್ಲಿ ಕಂಬಕ್ಕೆ ಒರಗಿ ನಿಂತೆ. ಹೊರಗೆ ಕೆಂಪಪ್ಪನೂ ಇನ್ನಿಬ್ಬರೂ ಹಗ್ಗ ತಂದ ಸದ್ದು. ಆಗ ಗುತ್ತಿ ಬಂದಳು. ಬಾಗಿಲು ಹಾಕಿದಳು. ಬೀಸುಕಲ್ಲಿನ ಮುಂದೆ ಕೂತು ಬೀಸತೊಡಗಿದಳು. ಕಾಳು ಹಾಕಿರಲಿಲ್ಲ. ಬರೀ ಕಲ್ಲನ್ನು ಜೋರಾಗಿ, ಇನ್ನೂ ಜೋರಾಗಿ ತಿರುಗಿಸಿದಳು. ಹೊರಗಿನದು ಏನೂ ನನ್ನ ಕಿವಿಗೆ ಬೀಳಲಿಲ್ಲ. ಕೆಂಪಪ್ಪ ಬಾಗಿಲು ತಟ್ಟಿದ ಮೇಲೆ ಕಲ್ಲು ಬಿಟ್ಟು ಎದ್ದಳು. ಬೆವರಿದ್ದಳು.

ಆಮೇಲೆ ಕೆಲಸ. ಒಣಹುಲ್ಲು ಹೊದಿಸಿ ಬೆಂಕಿ ಕೊಟ್ಟು ಕೂದಲು ಸುಟ್ಟರು. ಕುಡುಗೋಲಿನ ಬೆನ್ನಿನಿಂದ ಕೆರೆದು, ಬಿಸಿನೀರು ಹೊಯ್ದು, ಅರಿಶಿನ ಬಳಿದರು. ಹಿಂದಿನ ತೊಡೆ ತೆಗೆದಿಟ್ಟು ಉಳಿದದ್ದನ್ನು ಮುತ್ತುಗದ ಎಲೆಗಳ ಮೇಲೆ ಮನೆಗೊಂದರಂತೆ ಗುಡ್ಡೆ ಹಾಕಿದರು. ಅವ್ವ ಕೊಬ್ಬು ಕಾಯಿಸಿ ಬಾಟಲಿಗೆ ತುಂಬಿದಳು. ಮೊಣಕಾಲು ನೋವಿಗೆಂದು ಊರ ದೊಡ್ಡ ದೊಡ್ಡ ಮನೆಯವರು ಹಿತ್ತಿಲ ಬಾಗಿಲಿಗೆ ಬಂದು ಇಸಿದುಕೊಂಡು ಹೋದರು, ಹೆಸರು ಹೇಳದೆ. ನಮ್ಮ ಪಾಲಿಗೆ ಉಳಿದ ಮಾಂಸಕ್ಕೆ ಉಪ್ಪು ಹಚ್ಚಿ, ಸೀಳಿ, ಒಲೆಯ ಮೇಲಿನ ಹಗ್ಗಕ್ಕೆ ಒಣಗಲು ಹಾಕಿದ್ದು ನಾನೇ. ಕೈ ತಾನಾಗಿ ಮಾಡಿತು.

ನನ್ನ ತಟ್ಟೆಗೆ ಬಡಿಸಿದ್ದನ್ನು ತಿನ್ನಲಾಗಲಿಲ್ಲ. ಗುತ್ತಿ ಅದನ್ನು ಎತ್ತಿ ಮೊಸರು ಹಾಕಿದಳು.

೧ ಮಾರ್ಚ್ ೧೯೫೯

ಕತ್ತಲು ಹರಿಯುವ ಮೊದಲೇ ಹೊರಟೆ. ಸಿಂಬೆಯ ಮೇಲೆ ತೊಡೆ, ಹೊದಿಕೆಯಿಲ್ಲ. ಆನವಟ್ಟಿ ತಲುಪುವಾಗ ಅಂಗಡಿಗಳು ತೆರೆದಿದ್ದವು. ನಮ್ಮ ಬಸ್ಸಿನ ಕಂಡಕ್ಟರ್ ನೋಡಿ, "ಹತ್ರೀ ರಾಜಪ್ಪೋರೆ, ಬಿಡ್ತೀನಿ" ಎಂದ. ನಡೆಯಬೇಕು ಎಂದೆ. ಹೋಟೆಲಿನ ಮುಂದೆ ಕೂತವರು ಮೂಗಿಗೆ ವಸ್ತ್ರ ಹಿಡಿದರು, ಒಬ್ಬ ಉಗಿದ. ನಾಚಿಕೆ ಆಗಲಿಲ್ಲವೆಂದರೆ ಸುಳ್ಳು. ಆದರೆ ಕುತ್ತಿಗೆ ಎಷ್ಟು ನೋಯುತ್ತಿತ್ತೆಂದರೆ ನಾಚಿಕೆಯ ಕಡೆ ಹೆಚ್ಚು ಗಮನ ಕೊಡಲಾಗಲಿಲ್ಲ.

ಹನುಮಂತಪ್ಪ ಮಾವ ಜಗಲಿಯ ಮೇಲೆ ನಿಂತಿದ್ದ. ಈ ಸಲ ಜನ ಇನ್ನೂ ಹೆಚ್ಚು. ಉಳವಿಯಿಂದ ಜಟ್ಟಪ್ಪನ ಅಪ್ಪನೂ ಬಂದಿದ್ದರು.

"ಯಾರು ಸಾಕಿದ್ದು?"

ನಿನ್ನ ಸೊಸೆ ಎನ್ನಬೇಕು. ಅವ್ವ ದಾರಿಗೆ ಬುತ್ತಿ ಕಟ್ಟುವಾಗ, "ಗುತ್ತಿ ಅಂತಲೇ ಹೇಳಿಬಿಡು, ನಿಮ್ಮ ಮಾವ ಪತ್ತೆ ಮಾಡಾಕೆ ಬರಲ್ಲ" ಎಂದಿದ್ದಳು. ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅದು ನಿನ್ನೆ ಬೆಳಿಗ್ಗೆ ಬೆರಳ ಸಂದಿಯಲ್ಲಿ ಬೆಲ್ಲ ಹುಡುಕಿದ್ದು ನೆನಪಾಯಿತು.

"ನಾನು" ಎಂದೆ.

ಜಗಲಿಯಲ್ಲಿ ಗುಜುಗುಜು. "ಗುಮಾಸ್ತ ಹಂದಿ ಸಾಕ್ತಾನಂತಾ? ಯಾರಿಗೆ ಹೇಳ್ತಾನೆ?" ಎಂದಿತು ಒಂದು ದನಿ. "ಹುಡುಗಿ ಸಾಕ್ದೆ ಪಾಲು ಆಗಲ್ಲ" ಎಂದಿತು ಇನ್ನೊಂದು. ಜಟ್ಟಪ್ಪನ ಅಪ್ಪ ನೆಲ ನೋಡಿದರು. ಕೆಟ್ಟೆ ಎಂದುಕೊಂಡೆ. ತಂಗಿಯ ಮದುವೆಯನ್ನು ಎರಡನೆಯ ಸಲವೂ ನಾನೇ ಮುರಿದೆ.

ಮಾವ ಕೈ ಎತ್ತಿ ಸುಮ್ಮನಿರಿಸಿದ. "ಎಲ್ಲಿ ಕೆರೆದ್ರೆ ಮಲಗ್ತಿತ್ತು ಹೇಳು ನೋಡಾಣ?"

"ಎಡಗಡೆ, ಮುಂಗಾಲಿನ ಹಿಂದೆ" ಎಂದೆ. "ಅಲ್ಲಿ ಬೆರಳಿಟ್ಟರೆ ಸಾಕು ಮಾವ, ನಿಂತಲ್ಲೇ ಮಗ್ಗುಲಾಗ್ತಿತ್ತು. ಮಗ್ಗುಲಾಗಿ ನನ್ನ ಪಾದದ ಮೇಲೆ..."

ಅಷ್ಟೇ. ಎರಡೂ ಕೈ ತೊಡೆಯನ್ನು ಹಿಡಿದುಕೊಂಡಿದ್ದವು, ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ. ಅಷ್ಟು ಜನರ ಎದುರು, ತಲೆಯ ಮೇಲೆ ಮಾಂಸ ಹೊತ್ತುಕೊಂಡು, ಮೂಗು ಸೋರುತ್ತ ಬಿಕ್ಕಿಬಿಕ್ಕಿ ಅತ್ತೆ. ನನ್ನ ಜನ್ಮದಲ್ಲಿ ಅಂಥ ಅವಮಾನ ಆಗಿರಲಿಲ್ಲ. ಒಬ್ಬರೂ ನಗಲಿಲ್ಲ ಎಂಬುದನ್ನು ಆಮೇಲೆ ಗಮನಿಸಿದೆ.

ಮಾವ ಮೆಟ್ಟಿಲಿಳಿದು ಬಂದು ತನ್ನ ಕೈಯಿಂದಲೇ ತೊಡೆಯನ್ನು ಇಳಿಸಿಕೊಂಡ. "ತಗಂಡೆ" ಎಂದ. ಅತ್ತೆ ತಂಬಿಗೆಯಲ್ಲಿ ನೀರು ತಂದಳು.

ಬಸ್ಸಿನಲ್ಲಿ ಹಿಂದಿರುಗಿದೆ. ಬಾಗಿಲಲ್ಲೇ ಅವ್ವನಿಗೆ ಹೇಳಿದೆ. ಅವಳು ಸುದ್ದಿ ಹೇಳಲು ಕೇರಿಗೆ ಓಡಿದಳು. ನಾನು ಹಿತ್ತಲಿನ ಕಟ್ಟೆಯ ಮೇಲೆ ಕೂತೆ. ಗುತ್ತಿ ಬಂದು ಸ್ವಲ್ಪ ದೂರದಲ್ಲಿ ಕೂತಳು. ಹೊತ್ತು ಮುಳುಗುತ್ತಿತ್ತು.

"ಅಣ್ಣಾ" ಎಂದಳು. ಒಂದು ವರ್ಷದ ಮೇಲೆ. ಮಾವ ಏನಂದ ಎಂದು ಕೇಳುತ್ತಾಳೆ, ಎಲ್ಲವನ್ನೂ ಹೇಳೋಣ ಎಂದುಕೊಂಡೆ.

"ಅವತ್ತು ಗಾಡೀಗೆ ಹತ್ತಿಸುವಾಗ ದೊಡ್ಡಯ್ಯ ಕೂಗಿದ್ನಾ?"

ಇಲ್ಲ ಎನ್ನಬಹುದಿತ್ತು. ಮದುವೆಯ ಹುಡುಗಿ, ಇಲ್ಲ ಎನ್ನುವುದೇ ಒಳ್ಳೆಯದು ಎಂದು ನಾಲಿಗೆಯವರೆಗೆ ಬಂದಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಕೂಗ್ತು" ಎಂದೆ. "ಕೆರೆ ಏರಿ ದಾಟೋ ತನಕ ಕೂಗ್ತು ಗುತ್ತಿ. ನಿನ್ನ ಕೋಣೆ ಕಡೆ ತಿರುಗಿ ತಿರುಗಿ ನೋಡ್ತಿತ್ತು. ನಾನು ಕಿವಿ ಮುಚ್ಕೊಂಡು ಬಣವೆ ಹಿಂದೆ ಹೋದೆ."

ಅವಳು ಸೆರಗು ಮುಖಕ್ಕೆ ಒತ್ತಿಕೊಂಡು ಅಳತೊಡಗಿದಳು. ಅಂದು ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತಳು. ಸಮಾಧಾನ ಹೇಳುವ ಯೋಗ್ಯತೆ ನನಗಿರಲಿಲ್ಲ. ಕೇರಿಯಲ್ಲಿ ಆಗಲೇ ಯಾರೋ ಖುಷಿಯಿಂದ ಕೂಗಿ ನಮ್ಮನ್ನು ಕರೆಯುತ್ತಿದ್ದರು. ನಾನು ಎದ್ದು ಹೋಗಲಿಲ್ಲ. ಅವಳ ಅಳು ನಿಲ್ಲುವವರೆಗೆ ಕೇಳುತ್ತ ಕೂತಿದ್ದೆ.